ಚೀಲ ಹೊಲಿದ ಮೇಲೆ
(ಕುರುಗೋಡಿನ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗೊಬ್ಬರದ ವಿಷಯ ಮಾತಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಅದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳೋಣ. ಬೆಳೆಯುವ ವಿದ್ಯೆಯಲ್ಲಿ ನಿಮಗೆ ನಾನು ಹೇಳಿಕೊಡುವುದು ಅಷ್ಟಕ್ಕಷ್ಟೇ. ನಾವು ಸೋಲುತ್ತಿರುವುದು ಹೊಲದಲ್ಲಿ ಅಲ್ಲ, ಚೀಲದ ಬಾಯಿ ಹೊಲಿದ ಮೇಲೆ. ಆದಕಾರಣ ಇಂದು ಲಾರಿಯ ಬಗ್ಗೆ, ಗೋದಾಮಿನ ಬಗ್ಗೆ ಮಾತಾಡುತ್ತೇನೆ.

ನಿಮ್ಮ ಅಜ್ಜಂದಿರು ಬಂಡಿ ಕಟ್ಟಿಕೊಂಡು ಬಳ್ಳಾರಿಗೆ ಹೋಗುತ್ತಿದ್ದರು. ಚೀಲದ ಮೇಲೆ ತಾವೇ ಕೂತು, ರಾತ್ರಿ ಬಂಡಿಯ ಕೆಳಗೇ ಮಲಗುತ್ತಿದ್ದರು. ಮಾಲಿನ ಒಡೆಯ ಮಾಲಿನ ಜೊತೆಗೇ ಇರುತ್ತಿದ್ದ. ಅವನಿಗೆ ರಸೀದಿ ಯಾತಕ್ಕೆ ಬೇಕು? ಈಗ ಹಾಗಲ್ಲ. ಸಿರುಗುಪ್ಪದ ಭತ್ತ, ಕುರುಗೋಡಿನ ಮೆಣಸಿನಕಾಯಿ ಪರರ ಲಾರಿಯಲ್ಲಿ ಹೋಗುತ್ತದೆ, ಪರರ ಗೋದಾಮಿನಲ್ಲಿ ಮಲಗುತ್ತದೆ. ಒಡೆಯ ಊರಲ್ಲಿರುತ್ತಾನೆ. ಒಡೆಯನ ಜಾಗದಲ್ಲಿ ಮಾಲಿನ ಜೊತೆ ಕೂತು ಹೋಗುವುದು ಒಂದು ಕಾಗದ ಮಾತ್ರ.

ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. ನಾನು ಕೃಷಿ ಡಿಪ್ಲೊಮಾ ಓದುತ್ತಿದ್ದಾಗ ನಮ್ಮಪ್ಪ 40 ಚೀಲ ಒಣಮೆಣಸಿನಕಾಯಿಯನ್ನು ಲಾರಿಗೆ ಹಾಕಿದರು. ಲಾರಿಯವರು ಗುರುತಿನವರೇ, ಅಪ್ಪ, ಇಬ್ಬರು ಮಕ್ಕಳು ಸೇರಿ ನಡೆಸುವ ಕಸುಬು. ಹೆಸರು ಹೇಳುವುದಿಲ್ಲ, ಅವರೂ ಕೆಟ್ಟವರಲ್ಲ. ದಾರಿಯಲ್ಲಿ ಅಕಾಲದ ಮಳೆ ಬಂತು, ತಾಡಪತ್ರಿ ಹಿಂದಿನ ಸಾಲಿಗೆ ಸಾಲಲಿಲ್ಲ. ಆರು ಚೀಲ ನೆನೆದು ಕಪ್ಪಾದವು. ನಮ್ಮಪ್ಪ ಕೇಳಲು ಹೋದಾಗ ಯಜಮಾನರು ಚಹಾ ಕುಡಿಸಿ, ಚೀಟಿ ತೋರಿಸಿದರು. ಚೀಟಿಯಲ್ಲಿ “40 ಚೀಲ” ಎಂದಿತ್ತು. ತೂಕವಿಲ್ಲ, ಬೆಲೆಯಿಲ್ಲ, ಮಾಲು ಒಣಗಿತ್ತೋ ಹಸಿಯಿತ್ತೋ ಎಂಬ ಮಾತೂ ಇಲ್ಲ. “ನೀವು ಕೊಟ್ಟಾಗಲೇ ನೆನೆದಿದ್ದವೋ ಏನೋ ಗೌಡ್ರೇ” ಎಂದರು. ನಮ್ಮಪ್ಪನಿಗೆ ಉತ್ತರವೇ ಹೊಳೆಯಲಿಲ್ಲ. ಆ ಆರು ಚೀಲದ ಬಾಡಿಗೆ ಬಿಟ್ಟುಕೊಟ್ಟರು, ಅಷ್ಟೇ. ಆ ವರ್ಷ ನನ್ನ ಹಾಸ್ಟೆಲಿನ ಹಣ ಸಾಲದಿಂದ ಬಂತು.

ಮನೆತನದವರು ನಡೆಸುವ ಲಾರಿ ಕಸುಬನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ನಮ್ಮ ಸೀಮೆಯಲ್ಲಿ ಆ ಕಸುಬು ಬೆಳೆದದ್ದೇ ಮನೆತನಗಳಿಂದ. ಗದಗಿನ ವಿಜಯ ಸಂಕೇಶ್ವರರ ಮನೆಯ ಕಸುಬು ಪುಸ್ತಕದ ಅಚ್ಚು ಹಾಕುವುದು. ಅವರು 1976ರಲ್ಲಿ ಒಂದೇ ಒಂದು ಲಾರಿಯಿಂದ ಸಾಗಣೆಗೆ ಇಳಿದರು. ಆಮೇಲೆ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡರು, ಮಗನೂ ಕೂಡಿಕೊಂಡರು. ಆ ವಿಆರ್‌ಎಲ್ ಕಂಪನಿಯ ಷೇರುಗಳು 2015ರಲ್ಲಿ ಪೇಟೆಗೆ ಬಂದವು. ಅವರ ಮುಖ್ಯ ಕೆಲಸ ಪಾರ್ಸೆಲ್ಲು. ಅಂದರೆ ಹತ್ತಾರು ಜನರ ಮಾಲನ್ನು ಒಂದೇ ಲಾರಿಯಲ್ಲಿ ತುಂಬಿ, ನಡುವೆ ಇಳಿಸಿ, ಊರೂರಿಗೆ ಬೇರೆ ಮಾಡಿ, ಮತ್ತೆ ಏರಿಸುವುದು. ಯಾರ ಗಂಟು ಯಾವುದೆಂದು ನೆನಪಿನಿಂದ ಹೇಳಲು ಅಲ್ಲಿ ಯಾರಿಗೂ ಆಗದು. ಕಾಗದವಿಲ್ಲದೆ ಆ ಕಸುಬು ಒಂದು ದಿನವೂ ನಡೆಯದು. ಗುಮಾಸ್ತ ಬರೆಯುವ ಕಾಗದ ಅವರಿಗೆ ಎಷ್ಟು ಬೇಕೋ ನಮಗೂ ಅಷ್ಟೇ ಬೇಕು. ನಾವು ಮಾತ್ರ ಅದನ್ನು ಮಡಚಿ ರುಮಾಲಿನಲ್ಲಿ ಸಿಕ್ಕಿಸಿ ಮರೆಯುತ್ತೇವೆ.

ಇನ್ನು ಕಾನೂನು. 2007ರಲ್ಲಿ ರಸ್ತೆ ಸರಕು ಸಾಗಣೆಯ ಕಾಯಿದೆಯಾಯಿತು, 2011ರಿಂದ ಜಾರಿಯಲ್ಲಿದೆ. ರಸೀದಿ ಕೊಟ್ಟು ಎಲ್ಲರ ಮಾಲನ್ನೂ ಬಾಡಿಗೆಗೆ ಒಯ್ಯುವವರಿಗೆ ಅದು ಅನ್ವಯ. ಅಂಥವರು ನೋಂದಾಯಿಸಿಕೊಂಡಿರಬೇಕು. ಪಕ್ಕದ ಮನೆಯ ಟ್ರ್ಯಾಕ್ಟರು ಇದರಲ್ಲಿ ಬರುವುದಿಲ್ಲ. ಮಾಲು ಕೊಡುವಾಗ ನೀವು ಒಂದು ರವಾನೆ ಪತ್ರ ತುಂಬಿ ಕೊಡಬೇಕು. ಅದರಲ್ಲಿ ಮಾಲಿನ ಬೆಲೆ ಬರೆಯಬೇಕು. ಅವರು ಸರಕಿನ ರಸೀದಿ ಕೊಡಬೇಕು. ಮಾಲು ಕೆಟ್ಟರೆ ಅವರದೇ ತಪ್ಪೆಂದು ನೀವು ರುಜುವಾತು ಮಾಡಬೇಕಾಗಿಲ್ಲ. ಇದು ನಮ್ಮ ಪಾಲಿಗೆ ದೊಡ್ಡ ಆಸರೆ.

ಆದರೆ ಒಂದು ಮೊಳೆ ಇದೆ, ಕಿವಿಗೊಟ್ಟು ಕೇಳಿ. ಸಾಮಾನ್ಯ ದರದಲ್ಲಿ ಕಳಿಸಿದರೆ ಅವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ನೀವು ಬರೆದ ಬೆಲೆಯನ್ನೂ ಮೀರುವುದಿಲ್ಲ. ಒಂದು ಚೀಲಕ್ಕೆ ಬಾಡಿಗೆ 80 ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ಪಟ್ಟು 800. ಚೀಲದಲ್ಲಿ 30 ಕಿಲೋ ಮೆಣಸಿನಕಾಯಿ, ಕಿಲೋಗೆ 200ರಂತೆ 6,000 ರೂಪಾಯಿಯ ಮಾಲು. ಉಳಿದ 5,200 ಯಾರ ತಲೆಗೆ? ನಮ್ಮ ತಲೆಗೇ. ಪೂರಾ ಹೊಣೆ ಅವರ ಮೇಲೆ ಹಾಕಬೇಕಾದರೆ ಹೆಚ್ಚಿನ ಹೊಣೆಯ ದರ ಕೊಡುತ್ತೇನೆಂದು ಬರಹದಲ್ಲಿ ಒಪ್ಪಬೇಕು. ಇಲ್ಲವೇ ಸಾಗಣೆಯ ವಿಮೆ ಮಾಡಿಸಬೇಕು. ಭತ್ತಕ್ಕೆ ಬೇಡವೆನಿಸಿದರೆ ಬಿಡಿ, ಮೆಣಸಿನಕಾಯಿಗೆ ನಾನಂತೂ ಬಿಡೆನು. ಇನ್ನೊಂದು ಮಾತು. ಮಾಲು ಕಾಣೆಯಾದರೂ ಕೆಟ್ಟರೂ ಕೊಟ್ಟ ದಿನದಿಂದ 180 ದಿನದೊಳಗೆ ಬರಹದಲ್ಲಿ ನೋಟೀಸು ಕೊಡಬೇಕು. “ಹಬ್ಬ ಮುಗಿಯಲಿ, ಕೂತು ಮಾತಾಡೋಣ” ಎನ್ನುವಷ್ಟರಲ್ಲಿ ಆ ದಿನಗಳು ಕಳೆದು ಹೋಗುತ್ತವೆ.

ನಮ್ಮಪ್ಪ ಈಗ ಏನು ಮಾಡುತ್ತಾರೆ ಗೊತ್ತೇ? ಕಾಟಾದ ತೂಕದ ಚೀಟಿ, ಲಾರಿಯ ನಂಬರು, ಹೊಲಿಯುವ ಮುಂಚೆ ಎರಡು ಚೀಲದ ಫೋಟೋ. ಎಲ್ಲವೂ ಅವರ ಫೋನಿನಲ್ಲಿ ಇರುತ್ತವೆ. ಮಾಲು ಇಳಿಸುವಾಗ ನೆನೆದ ಚೀಲ ಕಂಡರೆ, ಅದನ್ನು ರಸೀದಿಯ ಮೇಲೆ ಬರೆಸದೆ ಸಹಿ ಹಾಕುವುದಿಲ್ಲ. ಹಮಾಲರು ಅವಸರ ಮಾಡುತ್ತಾರೆ, ಡ್ರೈವರು ಗೊಣಗುತ್ತಾನೆ. ಗೊಣಗಲಿ.

ಇನ್ನು ಇಡುವ ಮಾತು. ನಮ್ಮ ಕಡೆ ಜೋಳಕ್ಕೆ ಹಗೇವು ಇತ್ತು. ಹಗೇವಿಗೆ ಇಳಿಯುವ ಮುನ್ನ ಬಾಯಿ ತೆರೆದು ಗಾಳಿಯಾಡಲು ಬಿಡುತ್ತಿದ್ದರು; ಒಳಗಿನ ಕೆಟ್ಟ ಗಾಳಿ ಮನುಷ್ಯನನ್ನೇ ಕೊಲ್ಲುತ್ತದೆ, ಹುಳವನ್ನೂ ಅದೇ ಕೊಲ್ಲುತ್ತಿತ್ತು. ಹಿರಿಯರ ಯುಕ್ತಿ ದೊಡ್ಡದು. ಆದರೆ ಅವರು ಹಸಿ ಜೋಳವನ್ನು ಹಗೇವಿಗೆ ಸುರಿಯುತ್ತಿರಲಿಲ್ಲ. ನಾವೋ, ಯಂತ್ರದಿಂದ ಕೊಯ್ದ ಭತ್ತವನ್ನು ತೇವ ಆರುವ ಮೊದಲೇ ಗೋದಾಮಿಗೆ ಕಳಿಸುತ್ತೇವೆ. ಸರ್ಕಾರದ ಬೆಂಬಲ ಬೆಲೆಯ ಖರೀದಿಗೆ ನೂರಕ್ಕೆ 17ರವರೆಗೆ ತೇವಾಂಶ ನಡೆದೀತು. ತಿಂಗಳುಗಟ್ಟಲೆ ಇಡುವುದಾದರೆ 14ಕ್ಕೆ ಇಳಿಯಬೇಕು. ಮೆಣಸಿನಕಾಯಿ ಇನ್ನೂ ಒಣಗಿರಬೇಕು, 10ರ ಆಸುಪಾಸು. ಹಸಿ ಮಾಲಿಗೆ ಬೂಷ್ಟು ಬಂದರೆ ಗೋದಾಮಿನವನನ್ನು ಬೈದು ಫಲವಿಲ್ಲ.

ಗೋದಾಮು ನೋಡಲು ಹೋದಾಗ ಮೊದಲು ತಲೆಯೆತ್ತಿ ತಗಡು ನೋಡಿ, ಆಮೇಲೆ ನೆಲ ನೋಡಿ. ಚೀಲಗಳ ಕೆಳಗೆ ಮರದ ಹಲಗೆ ಇದೆಯೇ? ಗೋಡೆಗೂ ಚೀಲಕ್ಕೂ ನಡುವೆ ಮನುಷ್ಯ ತೂರುವಷ್ಟು ಜಾಗ ಇದೆಯೇ? ಇಲಿಯ ಹಿಕ್ಕೆ ಬಿದ್ದಿದೆಯೇ? ಹುಳಕ್ಕೆ ಇಡುವ ಗುಳಿಗೆಯ ವಿಷಗಾಳಿ ಬಲು ಕೆಟ್ಟದ್ದು, ಅದನ್ನು ತರಬೇತಿ ಪಡೆದವರೇ ಇಡತಕ್ಕದ್ದು. ಮಲಗುವ ಮನೆಯಲ್ಲಿ ಆ ಗುಳಿಗೆ ಇಟ್ಟವರಿದ್ದಾರೆ. ದಯವಿಟ್ಟು ಬೇಡ.

ಗೋದಾಮಿನಲ್ಲಿ ಮೂರು ಬಗೆ ಎಂದು ತಿಳಿಯಿರಿ. ಒಂದು, ಮನೆತನದವರ ಖಾಸಗಿ ಗೋದಾಮು. ತನ್ನ ಮಾಲನ್ನು ಜಾಣ ಮನುಷ್ಯ ನೋಡಿಕೊಳ್ಳುವಂತೆ ನಿಮ್ಮ ಮಾಲನ್ನೂ ನೋಡಿಕೊಳ್ಳಬೇಕೆಂದು 1872ರ ಕರಾರು ಕಾಯಿದೆ ಅವರಿಗೆ ವಿಧಿಸುತ್ತದೆ. ಎರಡು, 1957ರಲ್ಲಿ ಆರಂಭವಾದ ರಾಜ್ಯ ಉಗ್ರಾಣ ನಿಗಮದಂಥ ಸರ್ಕಾರಿ ಉಗ್ರಾಣ. ಮೂರು, 2007ರ ಉಗ್ರಾಣ ಕಾಯಿದೆಯ ಪ್ರಕಾರ ನೋಂದಾಯಿಸಿಕೊಂಡ ಉಗ್ರಾಣ. ಇದು ಸರ್ಕಾರದ್ದೂ ಇರಬಹುದು, ಖಾಸಗಿಯವರದ್ದೂ ಇರಬಹುದು. ಅಲ್ಲಿ ಕೊಡುವ ಉಗ್ರಾಣ ರಸೀದಿಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆಯಬಹುದು. ಈಗ ಅದು ಕಾಗದವಲ್ಲ, ಬ್ಯಾಂಕಿನ ಖಾತೆಯಂತೆ ಕಂಪ್ಯೂಟರಿನಲ್ಲೇ ಇರುತ್ತದೆ. ಆದರೆ ನೆನಪಿಡಿ, ಬಾಡಿಗೆ ಬಾಕಿ ಉಳಿದರೆ ಅಂಥ ಉಗ್ರಾಣದವರು ಮಾಲು ಹಿಡಿದಿಟ್ಟುಕೊಳ್ಳಬಹುದು.

ಇದರ ಪ್ರಯೋಜನ ಏನೆಂದು ಕೇಳುತ್ತೀರಾ? 2024ರ ಮಾರ್ಚಿಯಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ಏನಾಯಿತೆಂದು ನಿಮಗೆ ಗೊತ್ತು. ರೈತರ ಸಿಟ್ಟು ಮಾರುಕಟ್ಟೆಯ ಕಚೇರಿಗೆ ನುಗ್ಗಿತು, ವಾಹನಗಳು ಸುಟ್ಟವು. ಮಾಲು ಅಂಗಳದಲ್ಲಿದೆ, ಸಾಲಗಾರ ಮನೆ ಬಾಗಿಲಲ್ಲಿದ್ದಾನೆ ಎಂದಾಗ ಅಂದಿನ ದರಕ್ಕೆ ಮಾರಲೇಬೇಕಾಗುತ್ತದೆ. ಶೀತಲಗೃಹದಲ್ಲಿ ಇಡಲು ಜಾಗ, ಕೈಯಲ್ಲಿ ಅಡವಿಡುವಂಥ ರಸೀದಿ ಇದ್ದವನು ಎರಡು ತಿಂಗಳು ತಡೆದು ನೋಡಬಹುದು. ದರ ಏರಿಯೇ ಏರುತ್ತದೆಂದು ನಾನು ಹೇಳುವುದಿಲ್ಲ. ಇಳಿದರೆ ಬಾಡಿಗೆಯೂ ಬಡ್ಡಿಯೂ ಮೈಮೇಲೆ ಬರುತ್ತವೆ. ಆದಕಾರಣ ಎಲ್ಲವನ್ನೂ ಇಡಬೇಡಿ. ಸಾಲಕ್ಕೆ ಬೇಕಾದಷ್ಟು ಮಾರಿ, ಉಳಿದದ್ದನ್ನು ಇಡಿ.

ತಾಯಂದಿರಿಗೆ ಒಂದು ಮಾತು. ಮಗಳ ಸಂಸಾರದ ಸಾಮಾನನ್ನೋ, ಬೆಂಗಳೂರಿಗೆ ಹೊರಟ ಮಗನ ಮಂಚ, ಬೀರುವನ್ನೋ ಲಾರಿಗೆ ಹಾಕುವಾಗಲೂ ಇದೇ ಕ್ರಮ. ಸಾಮಾನಿನ ಪಟ್ಟಿಯ ಎರಡು ಪ್ರತಿ ಮಾಡಿ, ಒಂದಕ್ಕೆ ಅವರ ಸಹಿ ಮಾಡಿಸಿಕೊಳ್ಳಿ. ಬಂಗಾರ, ಹೊಲದ ಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು ನಿಮ್ಮ ಮಡಿಲಲ್ಲೇ ಇರಲಿ.

ತೇವಾಂಶ ಅಳೆಯುವ ಯಂತ್ರ ತಂದಿದ್ದೇನೆ. ಕೂಟ ಮುಗಿದ ಮೇಲೆ ಒಂದು ತಾಸು ಈ ಕಟ್ಟೆಯ ಮೇಲೇ ಇರುತ್ತೇನೆ. ಮನೆಯಲ್ಲಿ ಇಟ್ಟ ಭತ್ತ ಒಂದು ಬೊಗಸೆ ತನ್ನಿ. ಹಳೆಯ ಲಾರಿ ರಸೀದಿ ಇದ್ದರೆ ಅದನ್ನೂ ತನ್ನಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಕೂಡಿ ಓದೋಣ.