ಕಿವಿ ಕೇಳದ ನಾಯಿಗೊಂದು ಮನೆ



ನಾಯಿಯನ್ನು ದತ್ತು ಪಡೆಯಲು ಬಂದವರು ಸಾಮಾನ್ಯವಾಗಿ ಮೊದಲು ಅದನ್ನು ಕೂಗಿ ಕರೆಯುತ್ತಾರೆ. ಬಾಲ ಅಲ್ಲಾಡಿಸುತ್ತ ಓಡಿ ಬಂದದ್ದು ಮನೆ ಸೇರುತ್ತದೆ. ತಿರುಗಿಯೂ ನೋಡದೆ ಕುಳಿತದ್ದಕ್ಕೆ ಸೊಕ್ಕು ಎನ್ನುತ್ತಾರೆ. ಪಾಪ, ಅದಕ್ಕೆ ಕಿವಿಯೇ ಕೇಳದಿರಬಹುದು.

ಬಿಳಿ ಮೈಮೇಲೆ ಕಪ್ಪು ಚುಕ್ಕೆಯ ಡಾಲ್ಮೇಷಿಯನ್ ತಳಿಯಲ್ಲಿ ಹುಟ್ಟುಕಿವುಡು ಹೆಚ್ಚು. ಮೈಗೆ ಬಣ್ಣ ಕೊಡುವ ಜೀವಕೋಶಗಳು ಒಳಕಿವಿಯಲ್ಲೂ ಇರಬೇಕು. ಇಲ್ಲದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಮರಿ ಕಿವುಡಾಗುತ್ತದೆ. ಆದರೆ ಅದರ ಕಣ್ಣು, ಮೂಗು ಚುರುಕಾಗಿಯೇ ಇರುತ್ತವೆ. ಅಂಗೈ ತೋರಿದರೆ ಕೂರಬೇಕು, ಹೆಬ್ಬೆರಳು ಎತ್ತಿದರೆ ಭೇಷ್ ಎಂದರ್ಥ ಎಂಬುದನ್ನು ಕಲಿಯುತ್ತದೆ. ಕತ್ತಲಲ್ಲಿ ದೀಪ ಮಿನುಗಿಸಿ ಕರೆಯಬಹುದು. ನೆಲ ತಟ್ಟಿದರೆ ಅದುರುವುದು ತಿಳಿದು ತಿರುಗುತ್ತದೆ.

ಅದಕ್ಕೆ ಎಂಥ ಮನೆ ಬೇಕು? ಗೇಟು ಸದಾ ಮುಚ್ಚಿರಬೇಕು. ಹಿಂದಿನಿಂದ ಬರುವ ವಾಹನದ ಹಾರನ್ ಅದಕ್ಕೆ ಕೇಳದು. ಹೊರಗೆ ಹೊರಟಾಗ ಬೆಲ್ಟು ಕೈಯಲ್ಲಿರಬೇಕು. ಮಲಗಿದ್ದಾಗ ಥಟ್ಟನೆ ಮುಟ್ಟಬಾರದೆಂದು ಮಕ್ಕಳಿಗೆ ಗೊತ್ತಿರಬೇಕು. ಮನೆಯವರೆಲ್ಲ ಒಂದೇ ಬಗೆಯ ಸನ್ನೆ ಮಾಡಬೇಕು. ಕೊಡುವವರೂ ಅಷ್ಟೆ, ವಿಷಯ ಮುಚ್ಚಿಡಬಾರದು. ಮುಚ್ಚಿಟ್ಟು ದಾಟಿಸಿದ ನಾಯಿ ಮತ್ತೆ ಬೀದಿಗೆ ಬಿದ್ದೀತು.

ಮಹಾಭಾರತದ ಮಹಾಪ್ರಸ್ಥಾನದಲ್ಲಿ ಧರ್ಮರಾಯ ತನ್ನ ಬೆನ್ನುಹತ್ತಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥ ಏರಲು ಒಪ್ಪಲಿಲ್ಲ. ನಂಬಿ ಬಂದಿದೆ ಎಂಬುದಷ್ಟೇ ಅವನಿಗೆ ಸಾಕಾಗಿತ್ತು. ಒಂದು ಜೀವಕ್ಕೆ ಮನೆಯಲ್ಲಿ ಜಾಗ ಕೊಡುವಾಗ ನಾವೂ ಅದಕ್ಕಿಂತ ಹೆಚ್ಚಿನ ಯೋಗ್ಯತೆ ಕೇಳಬೇಕಿಲ್ಲ.