ವಿಕಿರಣಕ್ಕೂ ಬಗ್ಗದ ವಿಷ



ಆಹಾರವನ್ನು ವಿಕಿರಣಕ್ಕೆ ಒಡ್ಡಿದರೆ ಅದರಲ್ಲಿರುವ ವಿಷವೆಲ್ಲ ನಾಶವಾಗುತ್ತದೆಯೇ? ಇದೇ ನನ್ನ ಇಂದಿನ ವಿಷಯ.

ಈ ಕೆಲಸಕ್ಕೆ ಹೆಚ್ಚಾಗಿ ಕೋಬಾಲ್ಟ್-60 ಸೂಸುವ ಗಾಮಾ ಕಿರಣಗಳನ್ನು ಬಳಸುತ್ತಾರೆ. ಇದರಿಂದ ಆಹಾರವು ವಿಕಿರಣಶೀಲವಾಗುವುದಿಲ್ಲ. 10 ಕಿಲೋಗ್ರೇವರೆಗಿನ ಪ್ರಮಾಣದಿಂದ ಅಪಾಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ್ದ ಜಂಟಿ ತಜ್ಞರ ಸಮಿತಿ 1980ರಲ್ಲೇ ಹೇಳಿತು. ನಮ್ಮ ದೇಶದಲ್ಲಿ 1994ರಲ್ಲಿ ಈರುಳ್ಳಿ, ಆಲೂಗಡ್ಡೆ ಮತ್ತು ಮಸಾಲೆ ಪದಾರ್ಥಗಳಿಗೆ ಅನುಮತಿ ದೊರೆಯಿತು. 2007ರಲ್ಲಿ ಮಹಾರಾಷ್ಟ್ರದ ಲಾಸಲ್‌ಗಾಂವ್‌ನಲ್ಲಿ ಸಂಸ್ಕರಿಸಿದ ಮಾವು ಅಮೆರಿಕಕ್ಕೆ ಹೋಯಿತು.

ಆದರೆ ಬ್ಯಾಕ್ಟೀರಿಯಾ ಬೇರೆ, ಅದು ಆಹಾರದಲ್ಲಿ ಬಿಟ್ಟುಹೋಗುವ ವಿಷ ಬೇರೆ. ಬ್ಯಾಕ್ಟೀರಿಯಾದ ಡಿ.ಎನ್.ಎ. ಬಹು ಉದ್ದದ ಅಣು. ಕಿರಣವು ಅದನ್ನು ತುಂಡರಿಸಿದರೆ ಆ ಜೀವಿ ಮತ್ತೆ ವೃದ್ಧಿಯಾಗಲಾರದು. ವಿಷಕ್ಕೆ ಜೀವವಿಲ್ಲ. ಅದರ ಅಸಂಖ್ಯಾತ ಸಣ್ಣ ಅಣುಗಳನ್ನು ಒಂದೊಂದಾಗಿ ಕೆಡಿಸಬೇಕಾಗುತ್ತದೆ. ಬರಿಯ ನೀರಿನಲ್ಲಿರುವ ವಿಷ ವಿಕಿರಣಕ್ಕೆ ಬೇಗ ಬಗ್ಗುತ್ತದೆ. ಮಾಂಸದಂತಹ ಆಹಾರದಲ್ಲಿ ಬೆರೆತಾಗ ಅಲ್ಲಿನ ಇತರ ಪದಾರ್ಥಗಳೇ ಅದಕ್ಕೆ ರಕ್ಷಣೆಯಾಗುತ್ತವೆ. ಹಾಗಾಗಿ ಆಹಾರಕ್ಕೆ ಬಳಸುವ ಪ್ರಮಾಣದಲ್ಲಿ ಬ್ಯಾಕ್ಟೀರಿಯಾ ಸತ್ತರೂ ವಿಷ ಉಳಿಯಬಲ್ಲದು. ಹಳಸಿದ ಮಾಂಸಕ್ಕೆ ವಿಕಿರಣ ಕೊಟ್ಟರೆ ಕೀಟಾಣುಗಳ ಎಣಿಕೆ ಕಡಿಮೆಯಾಗಿ ಅದು ಶುದ್ಧವೆಂದು ತೋರಬಹುದು. ತಿಂದವರು ಮಾತ್ರ ವಾಂತಿ ಮಾಡಿಕೊಳ್ಳಬಹುದು. ಆದ್ದರಿಂದಲೇ ವಿಕಿರಣವು ಸ್ವಚ್ಛತೆಗೆ ಬದಲಿಯಲ್ಲವೆಂದು ಅಂತರರಾಷ್ಟ್ರೀಯ ಕೋಡೆಕ್ಸ್ ನಿಯಮ ಸ್ಪಷ್ಟಪಡಿಸಿದೆ.

"ಮತ್ತೆ ಬಿಸಿ ಮಾಡಿದರೆ ಸಾಲದೇ?" ಎಂದು ನೀವು ಕೇಳಬಹುದು. ಬೊಟುಲಿನಮ್ ವಿಷವು 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ನಿಮಿಷ ಕಾಯಿಸಿದರೆ ನಾಶವಾಗುತ್ತದೆ. ಆದರೆ ಕೈಯ ಹುಣ್ಣಿನಿಂದಲೋ ಮೂಗಿನಿಂದಲೋ ಆಹಾರಕ್ಕೆ ಸೇರುವ ಸ್ಟೆಫೈಲೊಕಾಕಸ್‌ನ ವಿಷ ಕುದಿಸಿದರೂ ಉಳಿಯುತ್ತದೆ. ಆರಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್‌ನ ವಾಂತಿ ತರಿಸುವ ವಿಷವೂ ಅಷ್ಟೇ. ಇವು ರುಚಿಯಲ್ಲಿ, ವಾಸನೆಯಲ್ಲಿ ಗೊತ್ತಾಗಬೇಕೆಂದೇನೂ ಇಲ್ಲ.

ಆದ್ದರಿಂದ ವಿಷ ಹುಟ್ಟದಂತೆ ನೋಡಿಕೊಳ್ಳುವುದೇ ಉಪಾಯ. ಮದುವೆ ಮನೆಯಲ್ಲಿ, ಹಾಸ್ಟೆಲಿನಲ್ಲಿ, ನಮ್ಮ ಸಂಘದ ಸಮಾರಂಭಗಳಲ್ಲಿ ದೊಡ್ಡ ದೇಗಿನಲ್ಲಿ ಬಿರಿಯಾನಿ ಮಾಡುತ್ತೇವೆ. ಅದನ್ನು ಬಡಿಸುವವರೆಗೂ 60 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿಡಬೇಕು. ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗೆ ಆರಲು ಬಿಡಬಾರದು. ಉಳಿದದ್ದನ್ನು ಅಗಲವಾದ ಪಾತ್ರೆಗಳಿಗೆ ತೆಳುವಾಗಿ ಹರಡಿ, ಬೇಗ ತಣಿಸಿ, 5 ಡಿಗ್ರಿಗಿಂತ ಕಡಿಮೆ ಇರುವ ಫ್ರಿಜ್ಜಿನಲ್ಲಿಡಬೇಕು. ಕೈಯಲ್ಲಿ ಗಾಯವಿದ್ದವರಿಗೆ ಬಡಿಸುವ ಕೆಲಸ ಕೊಡಬಾರದು.

ವಿದ್ಯಾರ್ಥಿಗಳೇ, ವಿಜ್ಞಾನದ ಶಕ್ತಿಯಷ್ಟೇ ಅದರ ಮಿತಿಯನ್ನು ಅರಿಯುವುದೂ ವಿದ್ಯೆಯೇ. ಇಂದು ಮನೆಗೆ ಹೋಗಿ ಈ ನಾಲ್ಕು ಮಾತುಗಳನ್ನು ಅಡುಗೆ ಮಾಡುವವರಿಗೆ ತಿಳಿಸಿರಿ.