ಮುದ್ರೆಯನ್ನು ಕೊನೆಗೆ ಓದಿ: ಕಮಾಂಡೊ ಚಾಕುವಿನ ಅಸಲಿ–ನಕಲಿ

ಹಳೆಯ ಸೇನಾ ಚಾಕು ಕೈಗೆ ಬಂದರೆ ಕೊಳ್ಳುವವನ ಕಣ್ಣು ಮೊದಲು ಓಡುವುದು ಮುದ್ರೆಯ ಕಡೆಗೆ. ಕಂಪನಿಯ ಹೆಸರಿದೆಯೇ, ಇಸವಿ ಇದೆಯೇ, ಸರ್ಕಾರದ ಬಾಣದ ಗುರುತಿದೆಯೇ? ಇದ್ದರೆ ಅಸಲಿ, ಇಲ್ಲದಿದ್ದರೆ ಅನುಮಾನ. ನಕಲು ಮಾಡುವವನಿಗೆ ಇದು ಚೆನ್ನಾಗಿ ಗೊತ್ತು, ಅವನು ಹೆಚ್ಚು ಮುತುವರ್ಜಿ ವಹಿಸುವುದೂ ಅಲ್ಲೇ. ಒಂದು ಉಕ್ಕಿನ ಅಚ್ಚು, ಒಂದು ಸುತ್ತಿಗೆ ಪೆಟ್ಟು, ಕೆಲಸ ಮುಗಿಯಿತು. ಇವತ್ತು ನಾನು ವಾದಿಸಹೊರಟಿರುವುದು ಈ ಕ್ರಮವನ್ನೇ ತಿರುವಿಹಾಕಬೇಕೆಂದು. ಯಾವ ಸಾಕ್ಷ್ಯವನ್ನು ಸುಲಭವಾಗಿ ಹುಟ್ಟಿಸಬಹುದೋ ಅದಕ್ಕೆ ಕಡಿಮೆ ತೂಕ, ಯಾವುದನ್ನು ಹುಟ್ಟಿಸಲು ಖರ್ಚು ಮತ್ತು ಶ್ರಮ ಬೇಕೋ ಅದಕ್ಕೆ ಹೆಚ್ಚು ತೂಕ. ಹೀಗೆ ನೋಡಿದರೆ ವಸ್ತುವನ್ನು ತಯಾರಿಸಿದ ರೀತಿ ಮೊದಲು ಬರುತ್ತದೆ, ಬಳಕೆಯ ಸವೆತ ಆಮೇಲೆ, ಮುದ್ರೆ ಅದಾದ ಮೇಲೆ. 'ನಮ್ಮ ತಾತ ಬರ್ಮಾದಿಂದ ತಂದದ್ದು' ಎಂಬ ಕಥೆ ಎಲ್ಲಕ್ಕಿಂತ ಕೊನೆಗೆ. ಇದನ್ನು ಒಂದೇ ಚಾಕುವಿನ ಮೇಲೆ ಪರೀಕ್ಷಿಸಿ ನೋಡುವುದು ಒಳ್ಳೆಯದು. ನಾನು ಆರಿಸಿಕೊಂಡಿರುವುದು ಬ್ರಿಟಿಷ್ ಕಮಾಂಡೊಗಳ ಫೇರ್‌ಬೇರ್ನ್–ಸೈಕ್ಸ್ ಚಾಕು. ಅಷ್ಟು ಪ್ರಸಿದ್ಧವಾದದ್ದು, ಅಷ್ಟೇ ನಕಲಾದದ್ದು, ಇನ್ನೊಂದು ಸಿಗುವುದು ಕಷ್ಟ.

ಶಾಂಘೈ ಪೊಲೀಸ್ ಪಡೆಯಲ್ಲಿದ್ದ ವಿಲಿಯಂ ಫೇರ್‌ಬೇರ್ನ್ ಮತ್ತು ಎರಿಕ್ ಸೈಕ್ಸ್ 1940ರಲ್ಲಿ ಬ್ರಿಟನ್ನಿಗೆ ಮರಳಿ ಕಮಾಂಡೊಗಳಿಗೆ ಕೈಕೈ ಕಾಳಗ ಕಲಿಸತೊಡಗಿದರು. ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿಯೊಡನೆ ಕೂತು ಚಾಕುವಿನ ರೂಪ ನಿರ್ಧರಿಸಿದರು. ಮೊದಲ ಮಾದರಿಯಲ್ಲಿ ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿ ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿತ್ತು. ಅಲಗಿನ ಬುಡದಲ್ಲಿ ಸಾಣೆ ಹಿಡಿಯದ ಚಪ್ಪಟೆ ಚೌಕವಿತ್ತು. ಹಿತ್ತಾಳೆಯ ಹಿಡಿಗೆ ಜಾರದಂತೆ ಚೌಕುಳಿ ಕೊರೆದು ನಿಕಲ್ ಲೇಪ ಕೊಟ್ಟಿದ್ದರು. 1941ರಲ್ಲೇ ಬಂದ ಎರಡನೆಯ ಮಾದರಿಯಲ್ಲಿ ಬಾಗಿದ ಪಟ್ಟಿ ಹೋಗಿ ನೇರವಾದದ್ದು ಬಂತು, ಬುಡದ ಚೌಕ ಮಾಯವಾಯಿತು, ಹೊಳಪಿನ ಬದಲು ಕಪ್ಪು ಬಳಿಯುವುದು ಹೆಚ್ಚಿತು. 1943ರ ಕೊನೆಯ ಭಾಗದಲ್ಲಿ ಬಂದ ಮೂರನೆಯ ಮಾದರಿಯಲ್ಲಿ ಕೊರೆದ ಹಿತ್ತಾಳೆಯೂ ಇಲ್ಲ. ಅಚ್ಚಿಗೆ ಹೊಯ್ದ ಮಿಶ್ರಲೋಹದ, ಬಳೆ ಬಳೆಯಾಗಿ ಗೆರೆಗಳಿರುವ ಹಿಡಿ. ಮೂರನ್ನೂ ಸಾಲಾಗಿಟ್ಟರೆ ಎದ್ದು ಕಾಣುವುದು ಕಳೆಯುವ ಲೆಕ್ಕ. ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ಕೈಕೆಲಸ, ಒಂದಿಷ್ಟು ಲೋಹ, ಒಂದಿಷ್ಟು ಸಮಯ ಕಡಿಮೆಯಾಗಿದೆ. ಯುದ್ಧದಲ್ಲಿ ತಯಾರಿಕೆ ಸಾಗುವ ದಿಕ್ಕೇ ಅದು. ನಕಲಿ ಸಾಗುವ ದಿಕ್ಕು ಇದಕ್ಕೆ ಎದುರು: ಕೊಳ್ಳುವವನನ್ನು ಒಪ್ಪಿಸಬೇಕಾಗಿರುವುದರಿಂದ ಅದು ಕೂಡಿಸುತ್ತಾ ಹೋಗುತ್ತದೆ. ಪಡೆಯ ಲಾಂಛನ, ದೊಡ್ಡಕ್ಷರದಲ್ಲಿ 'ಕಮಾಂಡೊ', ಕೆಳಗೊಂದು ಇಸವಿ, ಮೇಲೊಂದು ಕಿರೀಟ. ಅಸಲಿ ಎರಡನೆಯ ಮಾದರಿಗಳಲ್ಲಿ ಎಷ್ಟೋ ಚಾಕುಗಳ ಮೇಲೆ ಒಂದಕ್ಷರವೂ ಇಲ್ಲ.

ಈಗ ಹತ್ತಿರದಿಂದ ನೋಡೋಣ. ವಿಲ್ಕಿನ್ಸನ್ ತನ್ನ ಹೆಸರನ್ನು ಅಲಗಿನ ಒಂದು ಬದಿಗೂ 'ದಿ ಎಫ್–ಎಸ್ ಫೈಟಿಂಗ್ ನೈಫ್' ಎಂಬುದನ್ನು ಇನ್ನೊಂದು ಬದಿಗೂ ಆಮ್ಲದಿಂದ ತಿನ್ನಿಸಿ ಮೂಡಿಸುತ್ತಿತ್ತು. ಅದು ಬಹಳ ತೆಳುವಾದ ಬರಹ, ನಾಲ್ಕು ಸಲ ಜೋರಾಗಿ ಉಜ್ಜಿದರೆ ಮಾಸುತ್ತದೆ. ಆದ್ದರಿಂದ ಅಲಗಿನ ಅಂಚು ಹತ್ತಾರು ಸಲ ಮಸೆದು ಸಣಕಲಾಗಿ, ನಡುವಿನ ಏಣು ಸವೆದು ದುಂಡಾಗಿ, ಬರಹ ಮಾತ್ರ ನಿನ್ನೆ ಬರೆದಂತೆ ಚೂಪಾಗಿದ್ದರೆ ಎರಡರಲ್ಲೊಂದು ಸುಳ್ಳು. ಸುತ್ತಿಗೆಯಿಂದ ಒತ್ತಿದ ಮುದ್ರೆಗೂ ಇದೇ ಬಗೆಯ ಪರೀಕ್ಷೆಯುಂಟು. ಲೇಪಕ್ಕೆ ಮುಂಚೆ ಒತ್ತಿದ್ದರೆ ನಿಕಲ್ಲೋ ಕಪ್ಪೋ ಆ ಕುಳಿಯ ತಳದವರೆಗೂ ಇಳಿದಿರುತ್ತದೆ. ಲೇಪದ ಮೇಲೆ ಆಮೇಲೆ ಒತ್ತಿದ್ದರೆ ಲೇಪ ಬಿರಿದು ತಳದಲ್ಲಿ ಬರಿಯ ಲೋಹ ಕಾಣುತ್ತದೆ, ಅಂಚಿನಲ್ಲಿ ಲೋಹ ಉಬ್ಬಿ ಬೆರಳಿಗೆ ತಾಗುತ್ತದೆ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರವಿದ್ದರೆ ಸಾಕು. ಇಲ್ಲಿ ನಾವು ಓದುತ್ತಿರುವುದು ಮುದ್ರೆಯಲ್ಲಿ ಏನಿದೆ ಎಂಬುದನ್ನಲ್ಲ, ಅದು ಯಾವ ಸರದಿಯಲ್ಲಿ ಬಂತು ಎಂಬುದನ್ನು. ಮುದ್ರೆಯ ಚಿತ್ರ ನೋಡಿ ಅಚ್ಚು ಕೆತ್ತಬಹುದು. ಸರದಿಯನ್ನೂ ಸರಿಹೊಂದಿಸಬೇಕೆಂದರೆ ಮೊದಲಿನಿಂದ ಕಾರ್ಖಾನೆಯನ್ನೇ ಕಟ್ಟಬೇಕು.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಒಂದಿದೆ. ಯುದ್ಧಕಾಲದಲ್ಲಿ ಎಲ್ಲವೂ ಏರುಪೇರು, ಸಿಕ್ಕಿದ ಲೋಹ, ಸಿಕ್ಕಿದ ಕೆಲಸಗಾರ. ಹಾಗಿರುವಾಗ ಯಾವ ವ್ಯತ್ಯಾಸವನ್ನು ಹಿಡಿದು ನಕಲಿ ಎನ್ನುತ್ತೀರಿ? ಮಾರಾಟಗಾರರ ಬಾಯಲ್ಲಿ ಈ ಮಾತು ಎಲ್ಲ ಕಾಯಿಲೆಗೂ ಒಂದೇ ಕಷಾಯದಂತೆ ಬಳಕೆಯಾಗುತ್ತದೆ. ಏರುಪೇರು ಇದ್ದದ್ದು ನಿಜ, ಆದರೆ ಆ ಏರುಪೇರಿಗೆ ಕಾರಣವಿತ್ತು. ಅಮೆರಿಕದ ಉದಾಹರಣೆ ನೋಡಿ. ಅಲ್ಲಿನ ಗುಪ್ತಚರ ಸಂಸ್ಥೆ ಓಎಸ್‌ಎಸ್‌ಗಾಗಿ ಇದೇ ಚಾಕುವಿನ ಸುಮಾರು 10,000 ಪ್ರತಿಗಳನ್ನು ಮಾಡಿದ್ದು ಕನೆಕ್ಟಿಕಟ್‌ನ ಲ್ಯಾಂಡರ್ಸ್, ಫ್ರೇರಿ ಅಂಡ್ ಕ್ಲಾರ್ಕ್, ಅಡುಗೆಮನೆ ಸಾಮಾನಿಗೆ ಹೆಸರಾದ ಕಂಪನಿ. ಅದರ ಒರೆಗೆ ಹಾಕಿದ ಲೋಹದ ತಗಡು ದೋಸೆ ಮಗುಚುವ ಸಟ್ಟುಗವನ್ನೇ ಹೋಲುತ್ತದೆ. ಅಲ್ಲಿನ ಸಂಗ್ರಾಹಕರು ಅದನ್ನು ಕರೆಯುವುದೂ ಹಾಗೆಯೇ. ವಿಚಿತ್ರವಾದ ವ್ಯತ್ಯಾಸ, ಆದರೆ ಅದಕ್ಕೊಂದು ವಿವರಣೆಯಿದೆ: ಪಾತ್ರೆ ಮಾಡುವವರ ಕೈಗೆ ಸುಲಭವಾದದ್ದು ಅದು. ಇಂಥ ವಿವರಣೆ ಉಳ್ಳ ಏರುಪೇರನ್ನು ಒಪ್ಪಬಹುದು. ಕೆಲಸ ಹೆಚ್ಚಿಸುವ, ಖರ್ಚು ಕೂಡಿಸುವ, ಯಾವ ಸೈನಿಕನಿಗೂ ಬೇಡದ ಅಲಂಕಾರಕ್ಕೆ 'ಯುದ್ಧದ ಗಡಿಬಿಡಿ' ಎಂಬ ಸಬೂಬು ಹೊಂದುವುದಿಲ್ಲ. ಗಡಿಬಿಡಿಯಲ್ಲಿ ಯಾರೂ ಹೆಚ್ಚುವರಿ ಕೆಲಸ ಮಾಡುವುದಿಲ್ಲ.

ಸವೆತದ ವಿಷಯಕ್ಕೆ ಬಂದರೆ ಹುಷಾರಾಗಿರಬೇಕು, ಎರಡೂ ಕಡೆಗೆ ಅದು ದಾರಿ ತಪ್ಪಿಸುತ್ತದೆ. ಆಮ್ಲದಲ್ಲಿ ಅದ್ದಿ ತರಿಸಿದ ತುಕ್ಕು ಎಲ್ಲೆಡೆ ಒಂದೇ ಸಮ ಹರಡಿ, ಕೈ ತಾಗದ ಮೂಲೆಯಲ್ಲೂ ಅಷ್ಟೇ ಕೆಂಪಾಗಿರುತ್ತದೆ. ನಿಜವಾದ ಬಳಕೆ ಪಕ್ಷಪಾತಿ: ಬೆರಳು ಹಿಡಿದಲ್ಲಿ ಚೌಕುಳಿ ಸವೆಯುತ್ತದೆ, ಒರೆಯ ಬಾಯಿ ಉಜ್ಜಿದಲ್ಲಿ ಲೇಪ ಹೋಗುತ್ತದೆ, ತೊಗಲಿಗೆ ಹಿತ್ತಾಳೆ ತಾಗಿದಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಹಾಗೆಂದು ಹೊಸದಾಗಿ ಕಾಣುವುದೆಲ್ಲ ಹೊಸದಲ್ಲ. 2003ರಲ್ಲಿ ಕಾಠ್ಮಂಡುವಿನ ಹಳೆಯ ರಾಜ ಶಸ್ತ್ರಾಗಾರದ ದಾಸ್ತಾನನ್ನು ಅಮೆರಿಕದ ವ್ಯಾಪಾರಿಗಳು ಕೊಂಡಾಗ ದೇವನಾಗರಿ ಅಕ್ಷರಗಳಿದ್ದ ಕುಕ್ರಿಗಳೂ ರಾಶಿರಾಶಿ ಹೊರಬಂದವು. ಅವುಗಳಲ್ಲಿ ಚೆನ್ನಾಗಿ ಉಜ್ಜಿ ಹೊಳೆಸಿದ್ದನ್ನು ನೋಡಿದವರು ನಿನ್ನೆ ಮಾಡಿದ್ದೆಂದು ತಳ್ಳಿಹಾಕಬಹುದು. ನಮ್ಮ ದೇಶದಲ್ಲಿ ಮುದ್ರೆಯ ಆಸೆ ಹುಟ್ಟಿಸುವುದೂ ಕುಕ್ರಿಯೇ: ಬ್ರಿಟಿಷ್ ಇಂಡಿಯಾ ಸರ್ಕಾರದ ಸ್ವತ್ತೆಂದು ಸೂಚಿಸುವ ಬಾಣ ಮತ್ತು ಐ ಅಕ್ಷರ, ಜೊತೆಗೊಂದು 1917 ಇದ್ದರೆ ಪ್ರವಾಸಿಗರಿಗೆ ಮಾರುವ ಮಾಮೂಲಿ ಕುಕ್ರಿಯ ಬೆಲೆಯೂ ಏರುತ್ತದೆ. ಅಲ್ಲೂ ಪ್ರಶ್ನೆ ಅದೇ, ಅಲಗನ್ನು ಉಜ್ಜಿ ನಯಗೊಳಿಸುವ ಮೊದಲು ಬಿದ್ದ ಅಚ್ಚೇ, ಆಮೇಲೆ ಬಿದ್ದದ್ದೇ?

ಪ್ರಯೋಗಾಲಯಕ್ಕೆ ಕಳಿಸಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಎಕ್ಸ್‌ರೇ ಹಾಯಿಸಿ ಲೋಹದಲ್ಲೇನಿದೆ ಎಂದು ಹೇಳುವ ಉಪಕರಣ ಈಗ ಕೈಯಲ್ಲೇ ಹಿಡಿಯುವಷ್ಟು ಚಿಕ್ಕದು. ಹಿತ್ತಾಳೆಯಿರಬೇಕಾದ ಹಿಡಿಯಲ್ಲಿ ಬೇರೇನೋ ಇದೆ, ಕಾರ್ಬನ್ ಉಕ್ಕಿರಬೇಕಾದ ಅಲಗು ತುಕ್ಕು ಹಿಡಿಯದ ಉಕ್ಕು ಎಂದು ಅದು ಹೇಳಬಲ್ಲದು, ಅಷ್ಟರಿಂದಲೇ ಚಾಕುವನ್ನು ತಿರಸ್ಕರಿಸಲೂಬಹುದು. ಆದರೆ ಹಿತ್ತಾಳೆ 1941ರಲ್ಲೂ ಹಿತ್ತಾಳೆ, ಈಗಲೂ ಹಿತ್ತಾಳೆ. ಒರೆಯ ದಾರವನ್ನು ನೇರಳಾತೀತ ಬೆಳಕಿಗೆ ಹಿಡಿಯುವುದೂ ಇಂಥದ್ದೇ ಪರೀಕ್ಷೆ: ಬಟ್ಟೆ–ದಾರಗಳನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳು ವ್ಯಾಪಕವಾದದ್ದು ಯುದ್ಧದ ನಂತರ, ಆದ್ದರಿಂದ ನೀಲಿಯಾಗಿ ಹೊಳೆಯುವ ದಾರ ತಡವಾಗಿ ಬಂದದ್ದು. ಅದು ಒರೆಗೆ ಸಲ್ಲುವ ತೀರ್ಪು, ಚಾಕುವಿಗಲ್ಲ; ಹಳೆಯ ಚಾಕುವಿಗೆ ಹೊಸ ಒರೆ ಹೊಲಿಸುವುದು ಅಪರೂಪವೇನಲ್ಲ. ಉಪಕರಣಗಳು ಸುಳ್ಳನ್ನು ಹಿಡಿಯುತ್ತವೆ, ನಿಜವನ್ನು ಸಾಬೀತು ಮಾಡುವುದಿಲ್ಲ.

ನನ್ನ ವಾದವೂ ಒಂದು ಕಡೆ ಕೈಚೆಲ್ಲುತ್ತದೆ, ಅದು ಮೂರನೆಯ ಮಾದರಿಯಲ್ಲಿ. ಯುದ್ಧ ಮುಗಿದರೂ ಅದರ ತಯಾರಿಕೆ ನಿಲ್ಲಲಿಲ್ಲ. ಶೆಫೀಲ್ಡಿನ ಕಾರ್ಖಾನೆಗಳು ಅದೇ ಊರಿನಲ್ಲಿ, ಅದೇ ಬಗೆಯ ಎರಕದ ಹಿಡಿ ಹಾಕಿ ಸೈನ್ಯಕ್ಕೂ ಹವ್ಯಾಸಿಗಳಿಗೂ ಮಾಡುತ್ತಲೇ ಬಂದವು. ತಯಾರಿಕೆಯ ರೀತಿಯೇ ಬದಲಾಗದಿದ್ದಾಗ ಆ ರೀತಿಯನ್ನು ಓದಿ ಕಾಲ ಹೇಳುವುದು ಹೇಗೆ? 1944ರದಕ್ಕೂ 1960ರದಕ್ಕೂ ನಡುವೆ ಗೆರೆ ಎಳೆಯುವುದು ಎಷ್ಟೋ ಸಲ ಆಗದ ಮಾತು, ಎಳೆದೇ ತೀರುತ್ತೇನೆನ್ನುವ ಪರಿಣತರನ್ನು ನಾನು ನಂಬುವುದಿಲ್ಲ. ಇವನ್ನು ನಕಲಿ ಎನ್ನುವುದೂ ಅನ್ಯಾಯವೇ. ತಯಾರಕರು ತಮ್ಮದೇ ಹೆಸರು ಹಾಕಿ ಮಾರಿದ ಪ್ರಾಮಾಣಿಕ ಸರಕು ಅದು. ವಂಚನೆ ಶುರುವಾಗುವುದು ಯಾರೋ ಆ ಹೆಸರನ್ನು ಉಜ್ಜಿ ತೆಗೆದಾಗ. ಅಡ್ಡಪಟ್ಟಿಯ ಮೇಲೆ ಸುತ್ತಲಿನದಕ್ಕಿಂತ ತುಸು ತಗ್ಗಾದ, ಲೇಪದ ಬಣ್ಣ ಬೇರೆಯಾದ ಜಾಗ ಕಂಡರೆ ಅಲ್ಲೊಂದು ಹೆಸರಿತ್ತೇ ಎಂದು ಕೇಳಬೇಕು. ಹಾಗಾಗಿ ಮೂರನೆಯ ಮಾದರಿಗೆ ಚೀಟಿ ಬರೆಯುವಾಗ ವಸ್ತುಸಂಗ್ರಹಾಲಯವಾಗಲಿ ಸಂಗ್ರಾಹಕರಾಗಲಿ '1943 ಅಥವಾ ನಂತರ' ಎಂದಷ್ಟೇ ಬರೆಯುವುದು ಸರಿ. ಕೊಳ್ಳುವವರು ಯುದ್ಧಕಾಲದ ಬೆಲೆ ತೆರುವ ಮುನ್ನ '1945ಕ್ಕೆ ಮುಂಚಿನದು' ಎಂದು ಬಿಲ್ಲಿನಲ್ಲಿ ಬರೆದುಕೊಡಲು ಮಾರುವವರನ್ನು ಕೇಳಬಹುದು. ಬರೆಯಲು ಒಪ್ಪದಿದ್ದರೆ ಯುದ್ಧಾನಂತರದ ಬೆಲೆಯನ್ನೇ ಕೊಡಬೇಕು.